ಪ್ಯಾಟಿ ಇಂಗ್ಲಿಷು, ಸಾಲಿ ಇಂಗ್ಲಿಷು

ಈ ಸಲ ನಮ್ಮ ಹಾವೇರಿ ಸೀಮೆಯ ಇತಿಹಾಸ. ರಾಜರು, ಕೋಟೆ, ಶಾಸನ ಯಾವುದೂ ಇದರಲ್ಲಿಲ್ಲ. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಮೊದಮೊದಲು ಎದುರಾಗುವ ಸಣ್ಣಪುಟ್ಟ ಶಬ್ದಗಳು ನಮ್ಮ ಕಡೆ ಹೇಗೆ ಬಂದವು, ಬಂದ ಮೇಲೆ ಎಲ್ಲಿ ಸಿಕ್ಕಿಹಾಕಿಕೊಂಡವು ಅನ್ನೋದಷ್ಟೇ ವಿಷಯ. ಸ್ವಲ್ಪ ಉದ್ದ ಆಗಿದೆ, ಚಹಾ ತಗೊಂಡು ಕೂತ್ಕೊಳ್ಳಿ.

ಸೀಸನ್ನಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರಿಗೆ ಮೊದಲು ಸೀನು ಬರುತ್ತದೆ, ಆಮೇಲೆ ಇಂಗ್ಲಿಷು ಕೇಳಿಸುತ್ತದೆ. "ಈ ಲಾಟಿಗೆ ಟೆಂಡರ್ ಎಷ್ಟ ಬಿತ್ತು?" "ಸ್ಯಾಂಪಲ್ ನೋಡ್ರಿ, ಕ್ವಾಲಿಟಿ ಹೆಂಗೈತಿ!" "ರೇಟು ಬರೋತನಕ ಕೋಲ್ಡ್ ಸ್ಟೋರೇಜಿನಾಗ ಇಡೂಣು." ಇದನ್ನೆಲ್ಲ ಮಾತಾಡುವವರು ಕಾನ್ವೆಂಟಿನಲ್ಲಿ ಓದಿದವರಲ್ಲ. ರಾಣೇಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸುವ ಹೆಣ್ಣುಮಕ್ಕಳು ತಮ್ಮ ಕೆಲಸಕ್ಕೆ 'ಕ್ರಾಸಿಂಗ್' ಅಂತಾರೆ. ಹಾವೇರಿ ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಕೂತರೆ ನೋಟೀಸು, ಸಮನ್ಸು, ಅಪೀಲು, ಸ್ಟೇ ಎಲ್ಲ ಬರುತ್ತವೆ. "ಅಂವಾ ಸ್ಟೇ ತಂದಾನ್ರೀ" ಅನ್ನುವ ಅಜ್ಜನಿಗೆ ಸಹಿ ಮಾಡಲು ಬರದೇ ಇರಬಹುದು, ಆದರೆ ಸ್ಟೇ ಅಂದರೇನು ಅಂತ ಅವನಿಗೆ ಚೆನ್ನಾಗಿ ಗೊತ್ತು.

ಇದೇ ಮನೆಗಳ ಹುಡುಗರು ಸಾಲಿಯಲ್ಲಿ ಇಂಗ್ಲಿಷ್ ಪಿರಿಯಡ್ ಬಂತೆಂದರೆ ತಲೆ ತಗ್ಗಿಸುತ್ತಾರೆ. ಯಾಕೆ?

ನನ್ನ ಅಕ್ಕನ ಮಗ ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ ಓದುವಾಗ ಅವನ ಎರಡು ನೋಟ್‌ಬುಕ್ಕು ಪಕ್ಕಪಕ್ಕ ಇಟ್ಟುಕೊಂಡು ನೋಡಿದ್ದೆ. ಕನ್ನಡದ್ದರಲ್ಲಿ ನಾಮಪದ, ಸರ್ವನಾಮ, ಕ್ರಿಯಾಪದ. ಇಂಗ್ಲಿಷಿನದ್ದರಲ್ಲಿ ನೌನ್, ಪ್ರೊನೌನ್, ವರ್ಬ್. ನಾಮಪದ ಅಂದ್ರೇನು ಅಂತ ಕೇಳಿದೆ. ಉದಾಹರಣೆ ಸಮೇತ ಹೇಳಿದ. ನೌನ್ ಅಂದ್ರೇನು ಅಂತ ಕೇಳಿದೆ. ಇಂಗ್ಲಿಷಿನಲ್ಲಿ ಉರು ಹೊಡೆದ ಒಂದು ಸಾಲು ಒಂದೇ ಉಸಿರಿಗೆ ಬಂತು. "ಎರಡೂ ಒಂದೇ ಅಲ್ಲೇನೋ?" ಅಂದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿ, "ಅದು ಕನ್ನಡ ಮಾವಾ, ಇದು ಇಂಗ್ಲಿಷ್" ಅಂದ.

ಹುಡುಗನ ತಪ್ಪೇನಿಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ಅವನಿಗೆ ಯಾರೂ ಹೇಳಿಯೇ ಇರಲಿಲ್ಲ. ಈ ಸಂಬಂಧ ಎಲ್ಲಿ ಕಡಿದುಹೋಯಿತು ಅಂತ ಹುಡುಕುತ್ತಾ ಹೋದರೆ ನೂರೈವತ್ತು ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಗಬೇಕಾಗುತ್ತದೆ.

ಬೇರೆ ಭಾಷೆಯ ಶಬ್ದಗಳನ್ನು ಅರಗಿಸಿಕೊಳ್ಳುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಸವಣೂರು ನವಾಬರ ಕಾಲ, ಆಮೇಲೆ ಪೇಶ್ವೆಗಳ ಕಾಲ. ಕಚೇರಿ, ವಕೀಲ, ಫಿರ್ಯಾದಿ, ಜಮೀನು, ಉತಾರ... ಫಾರಸಿ ಮತ್ತು ಮರಾಠಿ ದಾರಿಯಲ್ಲಿ ಬಂದ ಇಂಥ ಶಬ್ದಗಳನ್ನು ಬಿಟ್ಟು ಹೊಲದ ವ್ಯವಹಾರ ಮಾತಾಡಲು ಇವತ್ತಿಗೂ ಆಗುವುದಿಲ್ಲ. 1817-18ರಲ್ಲಿ ಪೇಶ್ವೆಗಳು ಸೋತು ಧಾರವಾಡ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಇವತ್ತಿನ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೂ ಧಾರವಾಡ ಜಿಲ್ಲೆಗೇ ಸೇರಿದ್ದವು.

ಇಂಗ್ಲಿಷ್ ಶಬ್ದಗಳು ಈ ಹಳ್ಳಿಗಳಿಗೆ ಬಂದ ದೊಡ್ಡ ದಾರಿಗಳಲ್ಲಿ ಒಂದು ಹತ್ತಿಯದು. 1840ರ ದಶಕದಲ್ಲಿ ಕಂಪನಿಯವರು ಅಮೆರಿಕದ ಹತ್ತಿ ತಳಿಯನ್ನು ಧಾರವಾಡ ಜಿಲ್ಲೆಯಲ್ಲಿ ಬೆಳೆಸಲು ಹೊರಟರು. ಬೀಜದ ಜೊತೆ ಅಮೆರಿಕದಿಂದ ಆ ಕೃಷಿ ಬಲ್ಲವರನ್ನೂ ಕರೆಸಿದರು. ಆ ತಳಿಗೆ 'ಧಾರವಾಡ ಅಮೆರಿಕನ್' ಅಂತಲೇ ಹೆಸರು ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿಯ ಬೀಜ ಬಿಡಿಸುವ ಯಂತ್ರದ ಹೆಸರು ಜಿನ್ನು. ಇದು ಇಂಗ್ಲಿಷಿನ 'ಎಂಜಿನ್' ಶಬ್ದದ ಬಾಲ ಅಷ್ಟೇ, ಅವರೇ ತಲೆ ಕತ್ತರಿಸಿ ಜಿನ್ ಮಾಡಿಕೊಂಡಿದ್ದರು. ಮುಂದೆ ರೈಲು ಬಂದಾಗ ಅದೇ ಶಬ್ದ ಪೂರ್ತಿ ಮೈ ಹೊತ್ತು 'ಇಂಜಿನ್ನು' ಆಗಿ ಬಂತು. ಒಂದೇ ಶಬ್ದ ನಮ್ಮ ಕಡೆ ಎರಡು ಸಲ, ಎರಡು ವೇಷದಲ್ಲಿ ಬಂದಿದೆ ನೋಡಿ :)

ಎರಡನೇ ದೊಡ್ಡ ದಾರಿ ರೈಲು. 1876-78ರ ಭೀಕರ ಬರದ ನಂತರ, ಮತ್ತೆ ಬರ ಬಿದ್ದರೆ ಕಾಳು ಸಾಗಿಸಲು ಬೇಕು ಅನ್ನುವ ಕಾರಣಕ್ಕೆ ಈ ಭಾಗದಲ್ಲಿ ರೈಲು ಹಾಕಲು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆ ಹಳಿ ಬಿತ್ತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಅದೇ ಸಾಲಿನಲ್ಲಿವೆ. ಟಿಕೀಟು, ಗಾರ್ಡು, ಸಿಗ್ನಲ್ಲು, ಪಾರ್ಸಲ್ಲು, ಲಗೇಜು ಎಲ್ಲ ಹಳಿಯ ಮೇಲೆಯೇ ಬಂದಿಳಿದವು.

ಈ ಶಬ್ದಗಳನ್ನು ನಮ್ಮ ಜನ ಹೇಗೆ ತಗೊಂಡರು ಅನ್ನೋದು ನನಗೆ ಬಹಳ ಇಷ್ಟವಾದ ಭಾಗ. ಹಳಗನ್ನಡದಲ್ಲಿ ಕಲ್, ಮಣ್, ಕಾಲ್, ನೂಲ್ ಅಂತ ವ್ಯಂಜನದಲ್ಲೇ ಮುಗಿಯುವ ಶಬ್ದಗಳಿದ್ದವು. ಮುಂದೆ ಕನ್ನಡ ಅವಕ್ಕೆ ಕೊನೆಯಲ್ಲಿ ಒಂದು ಉಕಾರ ಅಂಟಿಸಿತು. ಅದಕ್ಕೂ ಒಂದು ಲೆಕ್ಕ ಇದೆ. ಹಿಂದಿನ ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಯಾಗುತ್ತದೆ, ಹೀಗಾಗಿ ಕಲ್ಲು, ಮಣ್ಣು. ದೀರ್ಘವಾಗಿದ್ದರೆ ಒಂದೇ ಸಾಕು, ಹೀಗಾಗಿ ಕಾಲು, ನೂಲು. ಈಗ ಇಂಗ್ಲಿಷಿನಿಂದ ಬಂದವನ್ನು ನೋಡಿ. ಬಸ್ಸು, ಪೆನ್ನು, ಬಿಲ್ಲು, ಜಿನ್ನು. ಇನ್ನೊಂದು ಕಡೆ ರೇಟು, ನೋಟು, ರೋಡು, ಲಾಟು. ಅದೇ ಲೆಕ್ಕ! ವ್ಯಾಕರಣದ ಪುಸ್ತಕ ಮುಟ್ಟದ ಅಜ್ಜಿ "ಬಸ್ಸು ಬಂತು, ರೋಡು ದಾಟು" ಅಂದಾಗ ಕಲ್ಲಿಗೂ ಕಾಲಿಗೂ ಇರುವ ನಿಯಮವನ್ನೇ ಪಾಲಿಸುತ್ತಿದ್ದಳು. ಬಂದ ಶಬ್ದಕ್ಕೆ ನಮ್ಮ ವಿಭಕ್ತಿ ಹತ್ತಿತು, ಬಸ್ಸಿಗೆ, ಬಸ್ಸಿನಾಗ, ಬಸ್ಸಿನಿಂದ. ಹೊರಗಿನ ಶಬ್ದ ಒಳಗೆ ಬರುವಾಗ ರೂಪ ಹೇಗೆ ಬದಲಾಗುತ್ತದೆ ಅಂತ 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶ ಅಂತ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಅವನ ಮುಂದೆ ಇದ್ದದ್ದು ಸಂಸ್ಕೃತ, ನಮ್ಮ ಮುಂದೆ ಇಂಗ್ಲಿಷ್, ಅಷ್ಟೇ ವ್ಯತ್ಯಾಸ.

ಇನ್ನೊಂದು ಉಪಾಯವೂ ನಮ್ಮ ಹಿರಿಯರಿಗೆ ಗೊತ್ತಿತ್ತು. ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ (2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿತು) ಮೂಲತಃ ನಮ್ಮದಲ್ಲ. ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಆಗ ನಮ್ಮವರು ಅದರ ಪರದೇಶಿ ಹೆಸರಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಖಾರದ ಮೆಣಸು ಮೊದಲೇ ಗೊತ್ತಿತ್ತು, ಇದು ಅದೇ ಖಾರದ ಕಾಯಿ, ಆದ್ದರಿಂದ ಮೆಣಸಿನಕಾಯಿ. ಗೊತ್ತಿದ್ದದ್ದರ ಜೊತೆ ಗೊತ್ತಿಲ್ಲದ್ದನ್ನು ಗಂಟು ಹಾಕಿದರು.

ಅಂದರೆ ಹೊಸದನ್ನು ಕಲಿಯಲು ಜನರ ಬಳಿ ಎರಡು ದಾರಿ ಇದ್ದವು. ಶಬ್ದವನ್ನೇ ಒಳಗೆ ಕರೆದು ನಮ್ಮ ಅಂಗಿ ತೊಡಿಸುವುದು, ಇಲ್ಲವೇ ಗೊತ್ತಿದ್ದ ಶಬ್ದಕ್ಕೆ ಅದನ್ನು ಜೋಡಿಸುವುದು. ಸಾಲಿಯಲ್ಲಿ ಎರಡೂ ಆಗಲಿಲ್ಲ ಅನ್ನೋದೇ ನನ್ನ ತಕರಾರು.

ಸಾಲಿಯ ಕಥೆಗೆ ಬರೋಣ. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಭಾಗದಲ್ಲಿ ಕನ್ನಡಕ್ಕೆ ಮೊದಲು ಜಗ್ಗಾಡಬೇಕಾಗಿ ಬಂದದ್ದು ಇಂಗ್ಲಿಷಿನ ಜೊತೆಗಲ್ಲ, ಮರಾಠಿಯ ಜೊತೆ. ಕಚೇರಿಯಲ್ಲೂ ಸಾಲಿಯಲ್ಲೂ ಮರಾಠಿಯದೇ ಕಾರುಬಾರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಸಾಲಿಗಳಿಗಾಗಿ ದುಡಿದರು. ಇವರು ಇಂಗ್ಲಿಷ್ ಕಲಿತವರೇ. ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಅಂತ ಕನ್ನಡಕ್ಕೆ ತಂದವರು. ಹೆಸರು ನೋಡಿ, ಎಲ್ಲಿಯೂ ಇಂಗ್ಲಿಷಿನ ವಾಸನೆ ಇಲ್ಲ.

ಹಳ್ಳಿಗೆ ಕನ್ನಡ ಸಾಲಿ ಬಂತು, ಇಂಗ್ಲಿಷ್ ಸಾಲಿ ಬರಲಿಲ್ಲ. ಸರಕಾರಿ ಇಂಗ್ಲಿಷ್ ಶಾಲೆ ಧಾರವಾಡದಲ್ಲಿ ಶುರುವಾದದ್ದು 1848ರಲ್ಲಿ. ಹಳ್ಳಿಯಲ್ಲಿ ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು, ಸಣ್ಣ ನೌಕರಿ ಸಿಗುತ್ತಿತ್ತು. ಕಾಲೇಜಿನ ಇಂಗ್ಲಿಷ್ ಬೇಕಾದವರು ರೈಲು ಹತ್ತಿ ಧಾರವಾಡಕ್ಕೋ ಪುಣೆಗೋ ಹೋಗಬೇಕು. ತಮಾಷೆ ಅಂದ್ರೆ 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜು ಬಂದು ಕೂತದ್ದು ಅದೇ ಸದರ್ನ್ ಮರಾಠಾ ರೈಲ್ವೆಯ ಹಳೇ ಮುಖ್ಯ ಕಚೇರಿಯ ಕಟ್ಟಡದಲ್ಲಿ. ಜನರಿಗೆ ಟಿಕೀಟು, ಸಿಗ್ನಲ್ಲು ಕಲಿಸಿದ ಮನೆಯಲ್ಲೇ ಮಿಲ್ಟನ್ನನ ಪಾಠ!

ಆ ಕಾಲದ ಇಂಗ್ಲಿಷ್ ಪಾಠ ಹೇಗಿತ್ತು? ಮುಂಬೈ ಪ್ರಾಂತದಲ್ಲಿ ತರಖಡಕರ ಭಾಷಾಂತರ ಪಾಠಮಾಲೆ ಬಹಳ ಹೆಸರಾದ ಪುಸ್ತಕ. ಮರಾಠಿ ವಾಕ್ಯ ಕೊಟ್ಟು ಇಂಗ್ಲಿಷಿಗೆ ಮಾಡು, ಇಂಗ್ಲಿಷ್ ಕೊಟ್ಟು ಮರಾಠಿಗೆ ಮಾಡು ಅನ್ನುವ ರೀತಿ. ಬೇಸರದ ಪದ್ಧತಿ ಅಂತ ಆಮೇಲಿನವರು ಅದನ್ನು ಬೈದರು. ಆದರೆ ಅದರಲ್ಲಿ ಒಂದು ಗುಣ ಇತ್ತು, ಗೊತ್ತಿದ್ದ ಭಾಷೆಯನ್ನು ಹೊರಗೆ ನಿಲ್ಲಿಸಿ ಬಾ ಅಂತ ಮಗುವಿಗೆ ಅದು ಹೇಳುತ್ತಿರಲಿಲ್ಲ. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ. (ಈ ರೆನ್ ಸಾಹೇಬರು ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, ಆಮೇಲೆ 'ಬೋ ಜೆಸ್ಟ್' ಕಾದಂಬರಿ ಬರೆದು ಪ್ರಸಿದ್ಧರಾದವರು.)

ಈಗ ಇದನ್ನು ತಿರುಗಿಸಿ ನೋಡಿ. ಇಂಗ್ಲಿಷರು ಕನ್ನಡ ಕಲಿತದ್ದು ಹೇಗೆ? ವಿಲಿಯಂ ಕೇರಿ 1817ರಲ್ಲಿ, ಜಾನ್ ಮೆಕೆರೆಲ್ 1820ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದರು. ಕಿಟೆಲ್ ಅವರು 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟು ಕೊಟ್ಟರು, 1903ರಲ್ಲಿ ಕೇಶಿರಾಜನನ್ನೇ ಆಧಾರವಾಗಿಟ್ಟುಕೊಂಡು ಇಂಗ್ಲಿಷಿನಲ್ಲಿ ದೊಡ್ಡ ಕನ್ನಡ ವ್ಯಾಕರಣ ಪ್ರಕಟಿಸಿದರು. ಈ ಪುಸ್ತಕಗಳಲ್ಲಿ ನಮ್ಮ ವ್ಯಾಕರಣದ ಒಂದೊಂದು ಸಂಗತಿಗೂ ಇಂಗ್ಲಿಷಿನಲ್ಲಿ ಸಮನಾದದ್ದು ಯಾವುದು, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅಂತ ಬಿಡಿಸಿ ಹೇಳಿದೆ. ಸೇತುವೆ ಕಟ್ಟಿಯೇ ಇತ್ತು ಸ್ವಾಮಿ! ಆ ಕಡೆಯಿಂದ ಸಾಹೇಬರು ಬರಲು ಕಟ್ಟಿದ ಸೇತುವೆಯ ಮೇಲೆ ಈ ಕಡೆಯ ಮಕ್ಕಳು ಹೋಗಬಹುದಿತ್ತು. ನಮ್ಮ ಮಕ್ಕಳ ಕೈಗೆ ಅಂಥದ್ದೊಂದು ಪುಟ ಕೂಡ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು ತುಂಗಭದ್ರೆಯ ವಿಷಯ. ರಾಣೇಬೆನ್ನೂರು ತಾಲೂಕು ಮುಗಿದು ಹೊಳೆ ದಾಟಿದರೆ ಹರಿಹರ. 1956ರ ವರೆಗೆ ಈ ದಂಡೆ ಮುಂಬೈ, ಆ ದಂಡೆ ಮೈಸೂರು. ಈ ದಂಡೆಯಲ್ಲಿ ಸಾಲಿ, ಇಯತ್ತೆ, ಮಾಸ್ತರು. ಆ ದಂಡೆಯಲ್ಲಿ ಸ್ಕೂಲು, ಕ್ಲಾಸು, ಮೇಷ್ಟ್ರು. ಸ್ವಾತಂತ್ರ್ಯದ ನಂತರ ಬಿ.ಜಿ. ಖೇರ್ ಸರಕಾರದ ಕಾಲದಲ್ಲಿ ಮುಂಬೈ ಪ್ರಾಂತದಲ್ಲಿ ಐದು, ಆರು, ಏಳನೇ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು ಎಂಟರಿಂದ ಶುರು ಮಾಡಿದರು. ಮೈಸೂರಿನಲ್ಲಿ ಮಿಡ್ಲ್ ಸ್ಕೂಲಿನಲ್ಲೇ ಇಂಗ್ಲಿಷ್ ಇತ್ತು. ಒಂದೇ ಹೊಳೆಯ ನೀರು ಕುಡಿಯುವ ಇಬ್ಬರು ಹುಡುಗರಲ್ಲಿ ಒಬ್ಬ ಎಬಿಸಿಡಿ ಬರೆಯುವ ವಯಸ್ಸಿಗೆ ಇನ್ನೊಬ್ಬ ವಾಕ್ಯ ಬರೆಯುತ್ತಿದ್ದ. ಏಕೀಕರಣವಾದ ಮೇಲೆ ಇಬ್ಬರೂ ಒಂದೇ ರಾಜ್ಯದ ನೌಕರಿಗೆ ಅರ್ಜಿ ಹಾಕುವವರಾದರು. "ಧಾರವಾಡ ಕಡೆಯವರಿಗೆ ಇಂಗ್ಲಿಷ್ ಕಮ್ಮಿ" ಅನ್ನುವ ಮಾತನ್ನು ನಮ್ಮ ಹಿರಿಯರು ಬೆಂಗಳೂರಿನಲ್ಲಿ ಬಹಳ ಕೇಳಿಸಿಕೊಂಡಿದ್ದಾರೆ. ಅದು ಬುದ್ಧಿಯ ಮಾತಾಗಿರಲಿಲ್ಲ, ಮೂರು ವರ್ಷದ ಲೆಕ್ಕವಾಗಿತ್ತು.

ಇಂಥದೇ ನೆಲದಿಂದ ಬಂದವರು ವಿ.ಕೃ. ಗೋಕಾಕರು. ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ, ಈಗ ಅದು ಹಾವೇರಿ ಜಿಲ್ಲೆ. ಸವಣೂರಿನ ಮಜೀದ್ ಹೈಸ್ಕೂಲು, ಧಾರವಾಡದ ಕರ್ನಾಟಕ ಕಾಲೇಜು, ಆಮೇಲೆ ಆಕ್ಸ್‌ಫರ್ಡ್. ದೇಶದ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡಲು 1958ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. 'ವಿನಾಯಕ' ಹೆಸರಿನಲ್ಲಿ ಕನ್ನಡ ಕಾವ್ಯ ಬರೆದರು, ಜ್ಞಾನಪೀಠ ಪಡೆದರು. ಇದೇ ಮನುಷ್ಯ 1980-81ರಲ್ಲಿ ಭಾಷಾ ಸಮಿತಿಯ ಅಧ್ಯಕ್ಷರಾಗಿ, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಲಿ, ಅದಕ್ಕೆ 150 ಅಂಕ ಇರಲಿ ಅಂತ ವರದಿ ಕೊಟ್ಟರು. ಮುಂದಿನ ಚಳವಳಿ ನಿಮಗೆಲ್ಲ ಗೊತ್ತೇ ಇದೆ.

ಇಂಗ್ಲಿಷಿನ ಸಂಸ್ಥೆ ನಡೆಸಿದವರು ಕನ್ನಡದ ಪರ ವರದಿ ಬರೆದದ್ದು ವಿಚಿತ್ರ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸವಣೂರಿನಿಂದ ಆಕ್ಸ್‌ಫರ್ಡಿಗೆ ಹೋದವರಿಗೆ, ಮೊದಲ ಭಾಷೆ ಗಟ್ಟಿಯಾಗಿದ್ದರೆ ಎರಡನೆಯದು ಅದರ ಮೇಲೆ ನಿಲ್ಲುತ್ತದೆ ಅನ್ನೋದು ಪುಸ್ತಕದಿಂದ ಕಲಿಯಬೇಕಾದ ಸಂಗತಿಯಾಗಿರಲಾರದು. ಆದರೆ ನಾವು ಅವರ ವರದಿಯಿಂದ ಅಂಕಗಳನ್ನು ಮಾತ್ರ ತಗೊಂಡೆವು. ಕನ್ನಡಕ್ಕೆ ಇಷ್ಟು, ಇಂಗ್ಲಿಷಿಗೆ ಇಷ್ಟು ಅಂತ ಪಾಲು ಮಾಡಿದೆವು. ಎರಡರ ನಡುವೆ ಬಾಗಿಲು ಇಡಲಿಲ್ಲ. ಈ ಹೊತ್ತಿಗೆ ಕ್ಲಾಸಿನಲ್ಲಿ ಹಳೇ ಭಾಷಾಂತರ ಪದ್ಧತಿಯೂ ಹಿಂದೆ ಸರಿದಿತ್ತು. 'ದಿಸ್ ಈಸ್ ಎ ಪೆನ್' ಅಂತ ವಾಕ್ಯದ ಅಚ್ಚುಗಳನ್ನು ಬಾಯಿಪಾಠ ಮಾಡಿಸುವ ರೀತಿ ಬಂದಿತ್ತು, ಅದರಲ್ಲಿ ಕನ್ನಡ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು.

ಆಮೇಲೆ 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. 2014ರಲ್ಲಿ, ಮಾತೃಭಾಷಾ ಮಾಧ್ಯಮವನ್ನು ಸರಕಾರ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2019-20ರಲ್ಲಿ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ಯಾವಾಗಿನಿಂದ ಕಲಿಸಬೇಕು, ಯಾವ ಮಾಧ್ಯಮದಲ್ಲಿ ಕಲಿಸಬೇಕು ಅಂತ ನೂರು ವರ್ಷ ಜಗಳ ಆಡಿದೆವು. ಹೇಗೆ ಕಲಿಸಬೇಕು ಅನ್ನೋದು ಬ್ಯಾಡಗಿ ಪ್ಯಾಟಿಯವರಿಗೆ ಗೊತ್ತಿದ್ದಷ್ಟೂ ನಮಗೆ ಗೊತ್ತಾಗಲಿಲ್ಲ.

ಹಾಗಾದರೆ ಏನು ಮಾಡಬಹುದಿತ್ತು? ಮೂರು ಪಟ್ಟಿ ಸಾಕು ಅಂತ ನನ್ನ ಲೆಕ್ಕ.

ಮೊದಲನೆಯದು, ಎರಡೂ ಕಡೆ ಚೆನ್ನಾಗಿ ಹೊಂದುವ ಶಬ್ದಗಳು. ನೌನ್ ಅಂದರೆ ನಾಮಪದ, ಪ್ರೊನೌನ್ ಅಂದರೆ ಸರ್ವನಾಮ, ವರ್ಬ್ ಅಂದರೆ ಕ್ರಿಯಾಪದ, ಟೆನ್ಸ್ ಅಂದರೆ ಕಾಲ, ಸಿಂಗ್ಯುಲರ್ ಮತ್ತು ಪ್ಲೂರಲ್ ಅಂದರೆ ಏಕವಚನ ಮತ್ತು ಬಹುವಚನ. ಹೀ, ಶೀ, ಇಟ್ ಅಂದರೆ ನಮ್ಮ ಅಂವ, ಅಕಿ, ಅದು. ಇದು ಕನ್ನಡದ ಮಗುವಿಗೆ ಸಿಕ್ಕ ಲಾಭ. ಹಿಂದಿಯಲ್ಲಿ ರೈಲು ಹೆಣ್ಣು, ಮನೆ ಗಂಡು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡೂ ಬರೀ 'ಅದು'.

ಎರಡನೆಯದು, ಅರ್ಧ ಹೊಂದುವ ಶಬ್ದಗಳು. ಪ್ರಿಪೊಸಿಶನ್ ಮಾಡುವ ಕೆಲಸವನ್ನು ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಮಾಡುತ್ತದೆ, ಆದರೆ ಅದು ಮುಂದೆ, ಇದು ಹಿಂದೆ. ಟು ಹಾವೇರಿ, ಹಾವೇರಿಗೆ. ಫ್ರಮ್ ಹಾವೇರಿ, ಹಾವೇರಿಯಿಂದ. ಇನ್ ಹಾವೇರಿ, ಹಾವೇರಿಯಲ್ಲಿ. ಇಷ್ಟು ಹೇಳಿದರೆ ಅರ್ಧ ಹೆದರಿಕೆ ಹೋಯಿತು. ವವೆಲ್ ಅಂದರೆ ಸ್ವರ ನಿಜ, ಆದರೆ ಇಂಗ್ಲಿಷಿನಲ್ಲಿ ಅಕ್ಷರ ಐದು, ಸ್ವರದ ಉಚ್ಚಾರಗಳು ಅದಕ್ಕಿಂತ ಎಷ್ಟೋ ಹೆಚ್ಚು. ಕನ್ನಡದಲ್ಲಿ ಬರೆದದ್ದನ್ನೇ ಓದಿ ರೂಢಿಯಾದ ಮಗುವಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಮೂರನೆಯದು, ನಮ್ಮಲ್ಲಿ ಇಲ್ಲವೇ ಇಲ್ಲದವು. ಎ, ಆ್ಯನ್, ದಿ ಅನ್ನುವ ಆರ್ಟಿಕಲ್ಲು. ಕ್ಯಾಪಿಟಲ್ ಲೆಟರು (ನಮ್ಮ ಸಾಲಿಯಲ್ಲಿ 'ದೊಡ್ಡ ಎಬಿಸಿಡಿ'). ಸ್ಪೆಲ್ಲಿಂಗು. ಇವಕ್ಕೆ ಕನ್ನಡದ ಜೋಡಿ ಹುಡುಕಿ ಒದ್ದಾಡಬೇಡ, ಇದು ಹೊಸದು, ಬಸ್ಸಿನ ಹಾಗೆ ಇದ್ದಂಗೇ ತಗೋ ಅಂತ ಹೇಳಿದರೆ ಮುಗೀತು. ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳನ್ನು ನಾವು ಇಂಗ್ಲಿಷಿನಿಂದಲೇ ತಗೊಂಡು ಕನ್ನಡದ ಹೆಸರು ಇಟ್ಟಿಲ್ಲವೇ? ಇವತ್ತು ಅವು ನಮ್ಮವಲ್ಲ ಅಂತ ಯಾರಾದರೂ ಅಂತಾರಾ?

ಕನ್ನಡದ ಮಾಸ್ತರು, ಇಂಗ್ಲಿಷ್ ಮಾಸ್ತರು ಸ್ಟಾಫ್ ರೂಮಿನಲ್ಲಿ ದಿನಾ ಒಂದೇ ಕಿಟ್ಲಿಯ ಚಹಾ ಕುಡೀತಾರೆ. ಈ ಮೂರು ಪಟ್ಟಿ ಮಾಡಲು ಇಬ್ಬರಿಗೂ ಸೇರಿ ಒಂದು ಮಧ್ಯಾಹ್ನ ಸಾಕು. ಖರ್ಚು ಒಂದು ಡ್ರಾಯಿಂಗ್ ಶೀಟು. ಇದಾಗದೇ ಇರುವುದಕ್ಕೆ ತೆರುತ್ತಿರುವ ಬೆಲೆ ದೊಡ್ಡದು. ಕನ್ನಡ ಸಾಲಿಯಲ್ಲಿ ಇಂಗ್ಲಿಷ್ ಬರೋದಿಲ್ಲ ಅಂತ ಕೂಲಿ ಮಾಡುವವರೂ ಸಾಲ ಮಾಡಿ ಮಕ್ಕಳನ್ನು ಬೇರೆ ಕಡೆ ಕಳಿಸುತ್ತಾರೆ. ಅಲ್ಲಿ ಮಗುವಿಗೆ ನೌನ್ ಬರುತ್ತದೆ, ನಾಮಪದ ಹೋಗುತ್ತದೆ. ಇಲ್ಲಿ ಉಳಿದವರಿಗೆ ನಾಮಪದ ಇರುತ್ತದೆ, ನೌನ್ ಹತ್ತಿರ ಬರೋದಿಲ್ಲ. ಕೊನೆಗೆ ಖಾಲಿಯಾಗುವುದು ಚನ್ನಬಸಪ್ಪನವರ ಕಾಲದವರು ಅಷ್ಟು ಕಷ್ಟಪಟ್ಟು ಎಬ್ಬಿಸಿದ ಕನ್ನಡ ಸಾಲಿಯೇ.

ನಿಮ್ಮಲ್ಲಿ ಮಾಸ್ತರಿಕೆ ಮಾಡುವವರು ಬಹಳ ಜನ ಇದ್ದೀರಿ. ಯಾರಾದರೂ ಕ್ಲಾಸಿನಲ್ಲಿ ಇಂಥ ಪಟ್ಟಿ ಹಾಕಿ ನೋಡಿದ್ದೀರಾ? ಹಾಗೇ ನಿಮ್ಮ ಕಡೆ ಹೊಲ, ಸಂತೆ, ಕೋರ್ಟಿನಲ್ಲಿ ಉಕಾರ ಹಚ್ಚಿಕೊಂಡು ಓಡಾಡುವ ಇಂಗ್ಲಿಷ್ ಶಬ್ದ ಯಾವ್ಯಾವು ಇವೆ, ತಿಳಿಸಿ. ಕರಾವಳಿಯವರು ಮತ್ತು ಕಾಸರಗೋಡಿನವರು ಬಸ್ಸಿಗೆ ಉಕಾರ ಹಚ್ಚುವ ಲೆಕ್ಕ ನಮ್ಮಂಗೇ ಐತೋ ಬ್ಯಾರೆ ಐತೋ ಅನ್ನೋದು ನನಗೆ ಬಹಳ ದಿನದ ಕುತೂಹಲ.